ಸ್ಮಾರ್ಟ್ ಬೋರ್ಡ್ ಒಳಗೆ, ಶಾಸನದ ಕಲ್ಲು ಹೊರಗೆ: ಪ್ರಾಚೀನ ಇತಿಹಾಸವನ್ನು ನೀವು ಹೇಗೆ ಕಲಿಸುತ್ತಿದ್ದೀರಿ?

ಬೆಳ್ವೊಲದ ಮೇಷ್ಟ್ರು (ಚರ್ಚೆ ಆರಂಭಿಸಿದವರು)

ಗದಗ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೋದ ವರ್ಷ ದಾನಿಯೊಬ್ಬರ ಕೃಪೆಯಿಂದ ನಮಗೆ ಎಪ್ಪತ್ತೈದು ಇಂಚಿನ ಸ್ಮಾರ್ಟ್ ಬೋರ್ಡ್ ಬಂತು. ಹಾಳಾದೀತು ಎಂಬ ಭಯಕ್ಕೆ ಮೊದಲ ಕೆಲವು ತಿಂಗಳು ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ತೆಗೆಯಲಿಲ್ಲ. ಕೊನೆಗೆ ನಾನೇ ಹರಿದೆ.

ಎಂಟನೇ ತರಗತಿಗೆ ಸಿಂಧೂ ಬಯಲಿನ ಪಾಠ. ಮೊಹೆಂಜೊದಾರೊದ ಕಂಚಿನ ನರ್ತಕಿಯನ್ನು ಬೋರ್ಡಿನ ತುಂಬ ತೋರಿಸಿದೆ. ಸೊಂಟದ ಮೇಲಿನ ಕೈ, ಇನ್ನೊಂದು ತೋಳಿನ ತುಂಬ ಬಳೆ, ಎಲ್ಲವೂ ಅಂಗೈಯಗಲ ಕಾಣಿಸಿತು. ಇಷ್ಟು ಚೆನ್ನಾಗಿ ಆ ಪಾಠವನ್ನು ಎಂದೂ ಮಾಡಿರಲಿಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಹಿಗ್ಗು ಇಳಿಯಿತು. ಒಬ್ಬಳು ಬರೆದಿದ್ದಳು: "ಮೊಹೆಂಜೊದಾರೊದಲ್ಲಿ ಆಳೆತ್ತರದ ನರ್ತಕಿಯ ವಿಗ್ರಹ ನಿಲ್ಲಿಸಿದ್ದರು." ವಿಚಾರಿಸಿದರೆ ಅರ್ಧ ತರಗತಿಯೂ ಹಾಗೆಯೇ ತಿಳಿದಿತ್ತು. ಆ ಪ್ರತಿಮೆಯ ಎತ್ತರ ಕೇವಲ 10.5 ಸೆಂಟಿಮೀಟರ್. ತಪ್ಪು ಮಕ್ಕಳದಲ್ಲ, ಬೋರ್ಡಿನ ಮೇಲೆ ಅವಳನ್ನು ಆಳೆತ್ತರ ಮಾಡಿದವನು ನಾನು.

ಮರುದಿನ ರಟ್ಟಿನಲ್ಲಿ ಅಷ್ಟೇ ಎತ್ತರದ ಗೊಂಬೆ ಕತ್ತರಿಸಿ ಕೈಯಿಂದ ಕೈಗೆ ಕೊಟ್ಟೆ. "ಸರ್, ಇದು ನನ್ನ ಪೆನ್ನಿಗಿಂತ ಚಿಕ್ಕದು" ಎಂದು ಹಿಂದಿನ ಬೆಂಚಿನ ಹುಡುಗ ಪೆನ್ನು ಪಕ್ಕಕ್ಕಿಟ್ಟು ಅಳೆದ. ಇಡೀ ವಾರದಲ್ಲಿ ಪಾಠ ನಡೆದದ್ದು ಆ ಒಂದು ನಿಮಿಷ ಎನ್ನಿಸಿತು. ಅದಕ್ಕೆ ಕರೆಂಟ್ ಬೇಕಾಗಿರಲಿಲ್ಲ.

ಇನ್ನೊಂದು ಮಾತು. ನಮ್ಮ ಶಾಲೆಯ ಗೇಟಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಹನುಮಪ್ಪನ ಗುಡಿಯ ಪಕ್ಕ, ಶಾಸನದ ಕಲ್ಲೊಂದು ಓರೆಯಾಗಿ ನಿಂತಿದೆ. ಮಕ್ಕಳು ಅದಕ್ಕೆ ಸೈಕಲ್ ಒರಗಿಸುತ್ತಾರೆ. ಒಳಗೆ ನಾನು "ಪುರಾತತ್ವ ಆಧಾರಗಳು: ಶಾಸನ, ನಾಣ್ಯ, ಸ್ಮಾರಕ" ಎಂದು ಬೋರ್ಡಿನ ಮೇಲೆ ಬೆರಳಾಡಿಸುತ್ತೇನೆ. ನಾಚಿಕೆಯಾಗುತ್ತದೆ.

ಈ ಯಂತ್ರಗಳನ್ನು ಇಟ್ಟುಕೊಂಡು ಹಳೆಯ ಕಾಲವನ್ನು ನಿಜವಾಗಿ ಕಲಿಸಿದವರು ಯಾರಾದರೂ ಇದ್ದೀರಾ? ಏನು ಮಾಡಿದಿರಿ, ಏನು ಕೈಕೊಟ್ಟಿತು, ಎರಡನ್ನೂ ಬರೆಯಿರಿ.

---

ಉಣಕಲ್ ಕೆರೆ ದಂಡೆ

ನಾನು ಶಿಕ್ಷಕನಲ್ಲ, ತಂದೆ. ಮಗ ಹುಬ್ಬಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಆರನೇ ತರಗತಿ. ಕಣ್ಣಿಗೆ ಕಟ್ಟುವ ವಿಆರ್ ಪೆಟ್ಟಿಗೆಯಲ್ಲಿ ಈಜಿಪ್ಟಿನ ಪಿರಮಿಡ್ಡಿನ ಒಳಗೆ ಓಡಾಡಿ ಬಂದ. ಶುಲ್ಕದ ರಸೀದಿಯಲ್ಲಿ ಅದಕ್ಕೇ ಬೇರೆ ಸಾಲು ಇದೆ. ರಾತ್ರಿ ಊಟಕ್ಕೆ ಕುಳಿತಾಗ ಏನು ನೋಡಿದೆ ಎಂದು ಕೇಳಿದೆ. "ಕತ್ತಲೆ, ಆಮೇಲೆ ಒಂದು ಮಮ್ಮಿ ಎದ್ದು ಬಂತು" ಎಂದ. ಯಾವ ರಾಜ, ಯಾವ ಕಾಲ, ಕಲ್ಲು ಎಲ್ಲಿಂದ ತಂದರು ಎಂಬುದು ಒಂದೂ ಗೊತ್ತಿಲ್ಲ.

ಭಾನುವಾರ ಅವನನ್ನು ಸ್ಕೂಟರಿನಲ್ಲಿ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಕರೆದುಕೊಂಡು ಹೋದೆ. ಮನೆಯಿಂದ ಹತ್ತು ನಿಮಿಷ. ಹುಟ್ಟಿದಂದಿನಿಂದ ಇಲ್ಲೇ ಇದ್ದರೂ ಅವನು ನೋಡಿರಲಿಲ್ಲ. ನಿಜ ಹೇಳುತ್ತೇನೆ, ನಾನೂ ಒಳಗೆ ಹೋಗಿ ವರ್ಷಗಳೇ ಆಗಿದ್ದವು. ನಾಲ್ಕು ದಿಕ್ಕಿಗೂ ಬಾಗಿಲಿರುವ ಗುಡಿ ಅದು. ಅವನು ನಾಲ್ಕು ಬಾಗಿಲಿನಿಂದಲೂ ಒಳಗೆ ಹೋಗಿ ಹೊರಗೆ ಬಂದ. "ಪಪ್ಪಾ, ಇದರ ಮುಂಭಾಗ ಯಾವುದು?" ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಪಿರಮಿಡ್ಡಿನ ಬಗ್ಗೆ ಅವನು ಇಂಥ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

---

ಸಿಲಬಸ್ ಮುಗಿಸಿ

ಎಲ್ಲ ಕೇಳಲು ಚೆನ್ನಾಗಿದೆ. ನಲವತ್ತು ನಿಮಿಷದ ಪೀರಿಯಡ್, ಅದರಲ್ಲಿ ಹಾಜರಿಗೆ ಐದು, ಬೋರ್ಡ್ ಚಾಲೂ ಆಗಲು ಐದು, ಯಾರೋ ಪಾಸ್‌ವರ್ಡ್ ಬದಲಿಸಿದ್ದರೆ ಇನ್ನೂ ಐದು. ಎಂಟನೇ ತರಗತಿಯ ಇತಿಹಾಸದಲ್ಲಿ ಹರಪ್ಪ, ಮೆಸೊಪೊಟೇಮಿಯ, ಗ್ರೀಸ್, ರೋಮ್, ಬುದ್ಧ, ಮಹಾವೀರ, ಮೌರ್ಯ, ಗುಪ್ತ, ಕದಂಬ, ಚಾಲುಕ್ಯ, ರಾಷ್ಟ್ರಕೂಟ ಎಲ್ಲರೂ ಒಂದೇ ವರ್ಷದಲ್ಲಿ ಹುಟ್ಟಿ ಒಂದೇ ವರ್ಷದಲ್ಲಿ ಸಾಯಬೇಕು. ಭೂಗೋಳ, ಪೌರನೀತಿ, ಅರ್ಥಶಾಸ್ತ್ರ ಬೇರೆ. ಮಕ್ಕಳು ಪಾಸಾಗದಿದ್ದರೆ ಸಭೆಯಲ್ಲಿ ನಿಂತು ಉತ್ತರ ಕೊಡುವವರು ನಾವು. ಕಲ್ಲಲ್ಲ, ಬೋರ್ಡೂ ಅಲ್ಲ. ನಾನು ವಿಡಿಯೊ ಹಾಕುತ್ತೇನೆ, ಮುಖ್ಯಾಂಶ ಬರೆಸುತ್ತೇನೆ, ಮುಂದೆ ಹೋಗುತ್ತೇನೆ. ಬೇರೆ ದಾರಿ ಇದ್ದರೆ ಅದನ್ನು ನಲವತ್ತು ನಿಮಿಷದಲ್ಲಿ ತೋರಿಸಿ.

---

ತುಂಗಭದ್ರಾ ತೀರ

ಹಾವೇರಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನನ್ನದು. ಮೇಷ್ಟ್ರೇ, ನಿಮ್ಮ ನರ್ತಕಿಯ ಗೋಳು ನನಗೂ ಆಗಿದೆ, ಆದರೆ ತಲೆಕೆಳಗಾಗಿ. ಮೊಹೆಂಜೊದಾರೊದ ಸ್ನಾನದ ಕೊಳವನ್ನು ತೋರಿಸಿದಾಗ ಮಕ್ಕಳು ಅದನ್ನು ನಮ್ಮ ಶಾಲೆಯ ನೀರಿನ ತೊಟ್ಟಿಯಷ್ಟು ಎಂದುಕೊಂಡರು. ಕೊಕ್ಕೋ ಅಂಕಣಕ್ಕೆ ತಂದಿದ್ದ ಸುಣ್ಣದ ಪುಡಿಯಿಂದ ಮೈದಾನದಲ್ಲಿ 12 ಮೀಟರ್ ಉದ್ದ, 7 ಮೀಟರ್ ಅಗಲದ ಚೌಕ ಎಳೆದೆವು. ಆಳ ಸುಮಾರು 2.4 ಮೀಟರ್. ಅದನ್ನು ತೋರಿಸಲು ಏಳನೇ ತರಗತಿಯ ಅತಿ ಎತ್ತರದ ಹುಡುಗನ ತಲೆಯ ಮೇಲೆ ಕೋಲು ನಿಲ್ಲಿಸಬೇಕಾಯಿತು. ಮಳೆ ಬಂದು ಗೆರೆ ಅಳಿಸುವವರೆಗೂ ಮಧ್ಯಾಹ್ನದ ಊಟಕ್ಕೆ ಮಕ್ಕಳು ಅದರ 'ದಂಡೆ'ಯ ಮೇಲೆಯೇ ಕೂರುತ್ತಿದ್ದರು.

ಆದರೆ ಪರದೆಯನ್ನು ಪೂರ್ತಿ ಬಯ್ಯುವುದು ನ್ಯಾಯವಲ್ಲ. ಮೇಲಿನಿಂದ ನೋಡುವ ಕೆಲಸವನ್ನು ಅದು ಮಾಡಿದಷ್ಟು ಚೆನ್ನಾಗಿ ನಾವು ಯಾರೂ ಮಾಡಲಾರೆವು. ಗೂಗಲ್ ಅರ್ಥ್ ತೆರೆದು ಗಳಗನಾಥಕ್ಕೆ ಹೋದೆವು. ವರದಾ ನದಿ ಬಂದು ತುಂಗಭದ್ರೆಯನ್ನು ಸೇರುವ ಜಾಗ, ದಂಡೆಯ ಮೇಲೆ ಗಳಗೇಶ್ವರ ಗುಡಿ. ಆ ಗುಡಿಯ ಬುಡ ಮೆಟ್ಟಿಲು ಮೆಟ್ಟಿಲಾಗಿ ಗೋಪುರದಂತೆ ಏರಿರುವುದನ್ನು ಮಕ್ಕಳು ಜಾತ್ರೆಯಲ್ಲಿ ನೋಡಿದ್ದಾರೆ, ಯಾಕೆ ಎಂದು ಕೇಳಿರಲಿಲ್ಲ. ಮೇಲಿನಿಂದ ಎರಡು ನದಿ ಒಟ್ಟಾಗುವುದನ್ನು ಕಂಡ ಮೇಲೆ ಒಬ್ಬಳು ಕೇಳಿದಳು: "ಟೀಚರ್, ಹೊಳೆ ಬಂದರೆ ಗುಡಿ ಜಾರಬಾರದು ಎಂದು ಕಾಲು ಅಗಲ ಮಾಡಿದ್ದಾರಾ?" ಪಂಡಿತರು ಏನು ಹೇಳುತ್ತಾರೋ, ಐದನೇ ತರಗತಿಯ ಹುಡುಗಿಗೆ ಅದು ಬಹಳ ಒಳ್ಳೆಯ ಊಹೆ.

ಅಲ್ಲಿಂದ ನದಿಯ ಹಾದಿಯಲ್ಲೇ ಹಿಂದಕ್ಕೆ, ಮೇಲ್ದಂಡೆಯ ಹಳ್ಳೂರಿಗೆ ಹೋದೆವು. 1965ರಲ್ಲಿ ಅಲ್ಲಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ಪದರದ ಮೇಲೆ ಕಬ್ಬಿಣದ ಪದರ ಸಿಕ್ಕಿತು. ಆ ಕಬ್ಬಿಣದ ಕಾಲವನ್ನು ಕ್ರಿಸ್ತಪೂರ್ವ 1000ದ ಆಸುಪಾಸಿಗೆ ಇಟ್ಟಿದ್ದಾರೆ. ದಕ್ಷಿಣ ಭಾರತದಲ್ಲಿ ಕಬ್ಬಿಣ ಎಷ್ಟು ಹಳೆಯದು ಎಂಬ ಚರ್ಚೆಯಲ್ಲಿ ಹಳ್ಳೂರಿನ ಹೆಸರು ಬಾರದೆ ಇರುವುದಿಲ್ಲ. ನಮ್ಮ ಮಕ್ಕಳಿಗೆ ಹರಪ್ಪ ಗೊತ್ತು, ಹಳ್ಳೂರು ಎಂದರೆ ಅತ್ತೆಯ ಊರು. ಪರದೆಯ ಮೇಲೆ ಎರಡಕ್ಕೂ ಒಂದೇ ಬಣ್ಣದ ಗುಂಡುಸೂಜಿ ಚುಚ್ಚಿದೆ. ಅಷ್ಟೇ ಮಾಡಿದ್ದು. ಮುಂದಿನ ವಾರ ಒಬ್ಬ ಹುಡುಗ ಅತ್ತೆಯ ಊರಿನ ಹೊಲದಿಂದ ಒಂದು ಚೀಲ ಮಡಕೆ ಚೂರು ತಂದ. ಹಾಗೆ ತರಬಾರದು, ಎಲ್ಲಿ ಬಿದ್ದಿತ್ತು ಎಂಬುದು ಚೂರಿಗಿಂತ ಮುಖ್ಯ ಎಂದು ತಿಳಿಸಿ ಹೇಳಿ, ಅವನ ತಂದೆಯ ಕೈಯಲ್ಲೇ ಮರಳಿ ಅಲ್ಲಿಗೆ ಕಳಿಸಿದೆ. ಅದೂ ಒಂದು ಪಾಠವಾಯಿತು.

---

ಬಿಎಡ್ ಎರಡನೇ ವರ್ಷ

ಧಾರವಾಡದಲ್ಲಿ ಓದುತ್ತಿದ್ದೇನೆ. ಅಭ್ಯಾಸ ಪಾಠಕ್ಕೆ ಅಶೋಕನ ವಿಡಿಯೊ ಹುಡುಕಿದೆ. ಕಳಿಂಗ ಯುದ್ಧ, ರಕ್ತ, ಕಣ್ಣೀರು ಎಲ್ಲ ಇತ್ತು. ಬಂಡೆಯ ಮೇಲೆ ಅವನು ಬರೆಸುವ ದೃಶ್ಯದಲ್ಲಿ ಅಕ್ಷರ ಮಾತ್ರ ದೇವನಾಗರಿ! ಮೇಲ್ವಿಚಾರಕರು ಗಮನಿಸಲಿಲ್ಲ, ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು. ಮನಸ್ಸಿಗೆ ಮುಳ್ಳಿನಂತೆ ಉಳಿದಿದೆ. ಒಂದು ಪ್ರಶ್ನೆ: ಶಾಸನದ ಫೋಟೊವನ್ನು ಎಐಗೆ ಕೊಟ್ಟರೆ ಓದಿ ಹೇಳುತ್ತದಂತೆ, ನಿಜವೇ? ಹಾಗಾದರೆ ಬೆಳ್ವೊಲದ ಮೇಷ್ಟ್ರ ಕಲ್ಲು ಐದು ನಿಮಿಷದ ಕೆಲಸ.

---

ಪಡಿಯಚ್ಚು

ಐದು ನಿಮಿಷದ ಕೆಲಸವಂತೆ! ತಾಯಿ, ಸ್ವಲ್ಪ ತಡೆಯಿರಿ, ಎಐ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ನಿವೃತ್ತ. ಶಾಸನಗಳ ಹಿಂದೆ ಈ ನಾಲ್ಕು ಜಿಲ್ಲೆ ಸುತ್ತಿದವನು. ಮೊದಲು ಮೇಷ್ಟ್ರಿಗೆ ಒಂದು ಎಚ್ಚರಿಕೆ. ಕಲ್ಲಿನ ಮೇಲೆ ಸೀಮೆಸುಣ್ಣ ಉಜ್ಜಬೇಡಿ, ವಿಭೂತಿ ಬಳಿಯಬೇಡಿ, ಗೋಧಿ ಹಿಟ್ಟು ತುಂಬಬೇಡಿ, ತಂತಿಯ ಬ್ರಷ್ ಹತ್ತಿರ ತರಲೇಬೇಡಿ. ಉತ್ಸಾಹಿ ಶಿಕ್ಷಕರು ಕೆರೆದು ಹಾಳು ಮಾಡಿದ ಅಕ್ಷರಗಳನ್ನು ನೋಡಿ ನೋಡಿ ನನ್ನ ರಕ್ತದೊತ್ತಡ ಏರಿದೆ.

ನಮ್ಮ ಕಾಲದಲ್ಲಿ ಪಡಿಯಚ್ಚು ತೆಗೆಯುತ್ತಿದ್ದೆವು. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಅಂಟಿಸಿ, ಕೂದಲಿನ ಬ್ರಷ್‌ನಿಂದ ತಟ್ಟಿ ತಟ್ಟಿ ಕಾಗದವನ್ನು ಅಕ್ಷರದ ಕುಳಿಯೊಳಗೆ ಇಳಿಸುವುದು. ಅರೆ ಒಣಗಿದಾಗ ಮಸಿಯ ಬಟ್ಟೆಯುಂಡೆಯಿಂದ ಮೆಲ್ಲಗೆ ಒತ್ತುವುದು. ಕಲ್ಲಿನ ಮೈ ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಅದಕ್ಕೆ ಪಳಗಿದ ಕೈ ಬೇಕು, ಅನುಮತಿಯೂ ಬೇಕು. ಶಾಲೆಯ ಕೆಲಸವಲ್ಲ.

ಶಾಲೆಗೆ ಬೇಕಾದ ತಂತ್ರಜ್ಞಾನ ನಿಮ್ಮ ಊರಿನ ಕಿರಾಣಿ ಅಂಗಡಿಯಲ್ಲಿದೆ: ಒಂದು ಟಾರ್ಚು. ಸೂರ್ಯ ಮುಳುಗಿದ ಮೇಲೆ ಹೋಗಿ. ಮೊಬೈಲನ್ನು ಕಲ್ಲಿನ ಎದುರಿಗೆ ಅಲುಗಾಡದಂತೆ ಇಡಿ, ಸ್ಟ್ಯಾಂಡ್ ಇಲ್ಲದಿದ್ದರೆ ಸ್ಟೂಲಿನ ಮೇಲೆ ಎರಡು ಇಟ್ಟಿಗೆಯ ನಡುವೆ ಸಿಕ್ಕಿಸಿ. ಫ್ಲ್ಯಾಶ್ ಬೇಡ, ಎದುರಿನ ಬೆಳಕು ಕುಳಿಯನ್ನು ತುಂಬಿ ಅಕ್ಷರವನ್ನು ಕೊಂದುಬಿಡುತ್ತದೆ. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಂದು, ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಮಲಗಿಸಿ ಹಿಡಿಯಿರಿ. ಪ್ರತಿಯೊಂದು ಕುಳಿಗೂ ನೆರಳು ಬೀಳುತ್ತದೆ. ಹಗಲಲ್ಲಿ ಬೋಳಾಗಿದ್ದ ಕಲ್ಲು ಮಾತಾಡತೊಡಗುತ್ತದೆ. ಎಡದಿಂದ ಒಂದು ಫೋಟೊ, ಬಲದಿಂದ ಒಂದು, ಮೇಲಿನಿಂದ ಒಂದು, ಕೆಳಗಿನಿಂದ ಒಂದು. ಮೊಬೈಲ್ ಅಲುಗಬಾರದು, ಟಾರ್ಚ್ ಮಾತ್ರ ತಿರುಗಬೇಕು. ಯಾಕೆಂದರೆ ಉದ್ದ ಗೆರೆ ಒಂದು ಬೆಳಕಿಗೆ ಕಂಡರೆ ಅಡ್ಡ ಗೆರೆ ಇನ್ನೊಂದಕ್ಕೆ ಕಾಣುತ್ತದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರಿಡಿ ಸ್ಕ್ಯಾನರಿನಿಂದ ದಾಖಲಿಸುತ್ತಿದ್ದಾರಲ್ಲ, ಅದರಲ್ಲಿ ಒಮ್ಮೆ ಸ್ಕ್ಯಾನ್ ಆದ ಕಲ್ಲಿನ ಮೇಲೆ ಬೇಕಾದ ದಿಕ್ಕಿನಿಂದ ಬೆಳಕು ಹಾಯಿಸಿ ನೋಡಬಹುದು. ಬಡವರ ಪಾಲಿಗೆ ಆ ಕೆಲಸವನ್ನು ಟಾರ್ಚು ಮಾಡುತ್ತದೆ.

ಆ ಫೋಟೊಗಳನ್ನು ನಿಮ್ಮ ಎಪ್ಪತ್ತೈದು ಇಂಚಿನ ಬೋರ್ಡಿಗೆ ಹಾಕಿ. ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ. ಮಕ್ಕಳು ಬೋರ್ಡಿನ ಪೆನ್ನಿನಿಂದ ಅಕ್ಷರದ ಮೇಲೆಯೇ ತಿದ್ದಲಿ. ನರ್ತಕಿಯನ್ನು ಹಿಗ್ಗಿಸಿದ್ದು ತಪ್ಪಾಯಿತು ಎಂದಿರಿ. ಬೆರಳುಗಾತ್ರದ ಅಕ್ಷರವನ್ನು ಹಿಗ್ಗಿಸುವುದಕ್ಕೇ ಆ ಬೋರ್ಡ್ ಇರುವುದು.

ಮತ್ತೆ, ನಿಮ್ಮ ಕಲ್ಲನ್ನು ಯಾರೂ ಓದಿಲ್ಲ ಎಂದು ತೀರ್ಮಾನಿಸಬೇಡಿ. ಬಾಂಬೆ ಕರ್ನಾಟಕದ ಶಾಸನಗಳ ಸಂಪುಟಗಳಲ್ಲಿ ಅಚ್ಚಾಗಿರಬಹುದು. ಧಾರವಾಡದಲ್ಲಿ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಿ, ಅಲ್ಲಿನ ವಸ್ತುಸಂಗ್ರಹಾಲಯವನ್ನು ಮಕ್ಕಳಿಗೂ ತೋರಿಸಿದಂತಾಗುತ್ತದೆ. ಹುಡುಕುವಾಗ ಗದಗ ಜಿಲ್ಲೆ ಎಂದು ನೋಡಬೇಡಿ. ಗದಗ, ಹಾವೇರಿ ಬೇರೆಯಾದದ್ದು 1997ರಲ್ಲಿ. ಹಳೆಯ ಪುಸ್ತಕಗಳಿಗೆ ಇದೆಲ್ಲ ಧಾರವಾಡ ಜಿಲ್ಲೆ.

---

ಬೆಳ್ವೊಲದ ಮೇಷ್ಟ್ರು

ಪಡಿಯಚ್ಚು ಅವರೇ, ಬೈಗುಳದ ಸಮೇತ ಸ್ವೀಕರಿಸಿದ್ದೇನೆ. ಸೀಮೆಸುಣ್ಣ ಉಜ್ಜುವ ಯೋಚನೆ ನನಗಿತ್ತು, ಸದ್ಯ ಉಳಿದುಕೊಂಡೆ. ಕಲ್ಲಿನ ಮೇಲ್ಭಾಗಕ್ಕೆ ಹಿಂದೆ ಯಾರೋ ಎಣ್ಣೆಬಣ್ಣ ಬಳಿದಿದ್ದಾರೆ, ಗುಡಿಗೆ ಬಳಿದು ಉಳಿದದ್ದು ಇರಬೇಕು. ಅದನ್ನು ಮುಟ್ಟುವುದಿಲ್ಲ. ಅಮಾವಾಸ್ಯೆಯ ಹತ್ತಿರದ ಒಂದು ಸಂಜೆ ನೋಡುತ್ತೇನೆ.

---

ಲೆಕ್ಕದ ಟೀಚರ್

ಹಾವೇರಿಯಿಂದ. ಇತಿಹಾಸದವರ ಸಭೆಗೆ ಗಣಿತದವಳು ನುಗ್ಗುತ್ತಿದ್ದೇನೆ, ಕ್ಷಮೆಯಿರಲಿ.

ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಇಂಟರ್ನೆಟ್ ಇರುವುದಕ್ಕಿಂತ ಇಲ್ಲದ ದಿನಗಳೇ ಹೆಚ್ಚು. ಇಂಟರ್ನೆಟ್ ಇಲ್ಲದೆ ನಡೆಯುವುದು ಲೆಕ್ಕದ ಹಾಳೆ, ಅಂದರೆ ಸ್ಪ್ರೆಡ್‌ಶೀಟ್. ಅದರಲ್ಲಿ ನಾವು ಸಂವತ್ಸರದ ಯಂತ್ರ ಮಾಡಿದೆವು. ಅರವತ್ತು ಸಂವತ್ಸರಗಳ ಹೆಸರನ್ನು ಮಕ್ಕಳು ಅಜ್ಜಿಯರಿಂದ ಕೇಳಿ ಬರೆದುಕೊಂಡು ಬಂದರು. ಇಬ್ಬರು ಅಜ್ಜಿಯರ ಪಟ್ಟಿ ಹೊಂದಲಿಲ್ಲ, ಪಂಚಾಂಗ ನೋಡಿ ತೀರ್ಮಾನ ಮಾಡಿದೆವು.

ಲೆಕ್ಕ ಸರಳ. 1987 ಪ್ರಭವ, ಅಂದರೆ ಮೊದಲನೆಯದು. ಅದರಿಂದ ಅರವತ್ತರ ಹದಿನೇಳು ಸುತ್ತು, 1020 ವರ್ಷ ಹಿಂದೆ ಹೋದರೆ 967, ಅದೂ ಪ್ರಭವ. ಶಾಸನದ ಇಸವಿಯಿಂದ 967 ಕಳೆದು, ಅರವತ್ತರಿಂದ ಭಾಗಿಸಿ, ಉಳಿದ ಶೇಷಕ್ಕೆ ಒಂದು ಕೂಡಿಸಿದರೆ ಸಂವತ್ಸರದ ಕ್ರಮಸಂಖ್ಯೆ. ಲಕ್ಕುಂಡಿಯ ಬ್ರಹ್ಮಜಿನಾಲಯದ ಅತ್ತಿಮಬ್ಬೆಯ ಶಾಸನ 1007ರದು. ಕಳೆದರೆ 40, ಒಂದು ಕೂಡಿಸಿದರೆ 41, ಪ್ಲವಂಗ. 2027ರ ಯುಗಾದಿಗೆ ಬರುವುದೂ ಪ್ಲವಂಗವೇ! ಅತ್ತಿಮಬ್ಬೆಯ ಸಂವತ್ಸರ ಹದಿನೇಳು ಸುತ್ತು ಮುಗಿಸಿ ತಿರುಗಿ ಬರುತ್ತಿದೆ ಎಂದಾಗ ಮಕ್ಕಳಿಗೆ ಸಾವಿರ ವರ್ಷ ಎಂದರೆ ಎಷ್ಟು ಎಂಬುದು ಮೊದಲ ಬಾರಿಗೆ ಬೆರಳಿಗೆ ಸಿಕ್ಕಿತು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಆ ತಾಯಿ ಅಷ್ಟು ದೂರದವಳೂ ಅಲ್ಲ, ಹದಿನೇಳು ಸಲ ಅರವತ್ತು, ಅಷ್ಟೇ.

ಇನ್ನೊಂದು ಸೊಗಸು. ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದವನು ಶಕವರ್ಷ ಬಿಟ್ಟು ತನ್ನದೇ ಎಣಿಕೆ ಆರಂಭಿಸಿದ, ಚಾಲುಕ್ಯ ವಿಕ್ರಮವರ್ಷ. ಅದರ ಸಂಖ್ಯೆಗೆ 1075 ಕೂಡಿಸಿದರೆ ನಮ್ಮ ಇಸವಿ. ಶಕವರ್ಷವಾದರೆ 78 ಕೂಡಿಸಬೇಕು. ಡಂಬಳದಲ್ಲಿ ಬೌದ್ಧರ ತಾರಾದೇವಿಗೆ ಸಂಬಂಧಿಸಿದ ಶಾಸನ 1095ರದು, ನಮ್ಮ ಯಂತ್ರಕ್ಕೆ ಕೊಟ್ಟರೆ ವಿಕ್ರಮವರ್ಷ 20, ಯುವ ಸಂವತ್ಸರ. ನಮ್ಮ ಗದಗಿನ ಸೀಮೆಯಲ್ಲಿ, ಹನ್ನೊಂದನೇ ಶತಮಾನದ ಕೊನೆಯಲ್ಲೂ ಬೌದ್ಧ ವಿಹಾರವಿತ್ತು ಎಂಬುದು ನನಗೇ ಗೊತ್ತಿರಲಿಲ್ಲ. ಶೇಷದ ಲೆಕ್ಕ ಕಲಿಸಲು ಹೋಗಿ ಇತಿಹಾಸ ಕಲಿತೆ.

(ಯುಗಾದಿಗೆ ಮುಂಚಿನ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳ ದಿನಾಂಕಗಳಿಗೆ ಒಂದು ವರ್ಷ ಹೆಚ್ಚುಕಡಿಮೆಯಾಗುತ್ತದೆ, ಮರೆಯಬೇಡಿ.)

---

ಸಿಲಬಸ್ ಮುಗಿಸಿ

ಇದು ನಲವತ್ತು ನಿಮಿಷದಲ್ಲಿ ಆಗುತ್ತದೆ. ಒಪ್ಪಿದೆ. ಆ ಹಾಳೆಯನ್ನು ಕಳಿಸುತ್ತೀರಾ ಟೀಚರ್? ಟಾರ್ಚಿನ ವಿಷಯದಲ್ಲಿ ನನ್ನ ಅನುಮಾನ ಹಾಗೆಯೇ ಇದೆ. ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ?

---

ಬಿಎಡ್ ಎರಡನೇ ವರ್ಷ

ಪಡಿಯಚ್ಚು ಸರ್ ಬೈದ ಮೇಲೆ ಸುಮ್ಮನಿರಲಾಗಲಿಲ್ಲ, ಪರೀಕ್ಷೆ ಮಾಡಿಯೇ ನೋಡಿದೆ. ಈಗಾಗಲೇ ಪುಸ್ತಕದಲ್ಲಿ ಪಾಠ ಅಚ್ಚಾಗಿರುವ ಒಂದು ಕಲ್ಯಾಣ ಚಾಲುಕ್ಯರ ಶಾಸನದ ಫೋಟೊವನ್ನು ಎಐಗೆ ಕೊಟ್ಟೆ. ಕ್ಷಣದಲ್ಲಿ ಉತ್ತರ ಬಂತು, ಎಷ್ಟು ಧೈರ್ಯದಿಂದ! ಇಮ್ಮಡಿ ಪುಲಕೇಶಿ ಊರಿನ ಕೆರೆಗೆ ದಾನ ಕೊಟ್ಟನಂತೆ. ಪುಲಕೇಶಿಗೂ ಆ ಕಲ್ಲಿಗೂ ನಾಲ್ಕು ನೂರು ವರ್ಷಗಳ ಅಂತರ. ಕೆರೆಯ ಮಾತೇ ಅದರಲ್ಲಿಲ್ಲ. ಮತ್ತೊಮ್ಮೆ ಕೇಳಿದೆ, ಈ ಸಲ ಬೇರೆ ರಾಜ ಬಂದ. ಓದಲು ಬಾರದಿದ್ದರೆ ಬಾರದು ಎನ್ನಬೇಕಲ್ಲವೇ? ಪಾಠ ಕಲಿಯದ ಹುಡುಗ ನಿಂತು ಏನಾದರೂ ಒದರುವುದಕ್ಕೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಅತ್ತಿಮಬ್ಬೆಯ ಚಿತ್ರ ಬರೆದುಕೊಡು ಎಂದರೆ ಹಿನ್ನೆಲೆಯಲ್ಲಿ ತಮಿಳುನಾಡಿನ ರಾಯಗೋಪುರ ನಿಲ್ಲಿಸಿತು.

ಆದರೆ ಆ ತಪ್ಪು ಉತ್ತರವನ್ನೇ ತರಗತಿಗೆ ಒಯ್ದೆ. ಒಂದು ಕಡೆ ಎಐ ಹೇಳಿದ್ದು, ಇನ್ನೊಂದು ಕಡೆ ಪುಸ್ತಕದ ಪಾಠ. ಯಾವುದನ್ನು ನಂಬುತ್ತೀರಿ, ಯಾಕೆ ಎಂದು ಕೇಳಿದೆ. "ಆಧಾರಗಳು" ಪಾಠ ಅಷ್ಟು ಗಲಾಟೆಯಿಂದ ನಡೆದದ್ದು ನಮ್ಮ ಅಭ್ಯಾಸ ಶಾಲೆಯಲ್ಲಿ ಅದೇ ಮೊದಲಂತೆ.

ಅಶೋಕನ ಪ್ರಾಯಶ್ಚಿತ್ತವನ್ನೂ ಮಾಡಿಕೊಂಡೆ. ಬ್ರಾಹ್ಮಿ ಲಿಪಿ 2010ರಲ್ಲೇ ಯೂನಿಕೋಡಿಗೆ ಸೇರಿದೆ, ಉಚಿತ ಫಾಂಟ್ ಸಿಗುತ್ತದೆ. ಮೊದಲು ಬೋರ್ಡಿನ ಮೇಲೆ ಬರೀ ಚೌಕಗಳು ಕಂಡವು, ಫಾಂಟ್ ಹಾಕಿದ ಮೇಲೆ ಸರಿಯಾಯಿತು. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ "ಅಸೋಕಸ" ಎಂದು ಹೆಸರೇ ಇದೆ. ಉಳಿದ ಕಡೆ ಸಾಮಾನ್ಯವಾಗಿ ದೇವಾನಂಪ್ರಿಯ, ಪ್ರಿಯದರ್ಶಿ ಎಂದೇ ಬರುತ್ತದಲ್ಲ. ಆ ನಾಲ್ಕು ಅಕ್ಷರಗಳನ್ನು ಮಕ್ಕಳು ಗುರುತಿಸಿ, ಆಮೇಲೆ ತಮ್ಮ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದುಕೊಂಡರು. ಗದಗಿನಿಂದ ರೈಲು ಹತ್ತಿದರೆ ಒಂದು ಗಂಟೆ ಚಿಲ್ಲರೆಯಲ್ಲಿ ಕೊಪ್ಪಳ, ಅಲ್ಲಿನ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡುವಿನಲ್ಲೂ ಅಶೋಕನ ಬರಹ ಇದೆ ಎಂದಾಗ ಅಶೋಕ ಒಮ್ಮೆಗೇ ಪಾಟ್ನಾದಿಂದ ಇಳಿದು ಬಂದ.

---

ಪಡಿಯಚ್ಚು

ಈಗ ಸರಿದಾರಿಗೆ ಬಂದಿರಿ. ಅಂಕ ಕೊಡುವ ಅಧಿಕಾರವಿದ್ದರೆ ಆ ಉಳಿದ ಒಂದನ್ನೂ ಕೊಡುತ್ತಿದ್ದೆ.

---

ಬೆಳ್ವೊಲದ ಮೇಷ್ಟ್ರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ.

ಸಿಲಬಸ್ ಅವರ ಅನುಮಾನ ಸರಿಯಾಗಿತ್ತು, ಸಂಜೆ ಮಕ್ಕಳನ್ನು ಕಳಿಸಲು ಮನೆಯವರು ಒಪ್ಪಲಿಲ್ಲ. ಹಾಗಾದರೆ ನೀವೂ ಬನ್ನಿ ಎಂದೆ. ಬಂದರು. ಏಳು ಗಂಟೆಗೆ ಹನುಮಪ್ಪನ ಗುಡಿಯ ಮುಂದೆ ಸಣ್ಣ ಜಾತ್ರೆಯೇ ಸೇರಿತು. ಯಾರೋ ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದರು. ಗುಡಿಯ ಬಲ್ಬು ಆರಿಸಿ ಎಂದಾಗ ಪೂಜಾರಿ ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ತಾವೇ ಆರಿಸಿದರು.

ಟಾರ್ಚನ್ನು ಎಡಕ್ಕೆ ಮಲಗಿಸಿ ಹಿಡಿದೆ. ಪಡಿಯಚ್ಚು ಅವರೇ, ನೀವು ಬರೆದದ್ದು ಕಡಿಮೆಯಾಯಿತು. ನಾನು ಆ ಊರಿಗೆ ಬಂದು ಒಂಬತ್ತು ವರ್ಷ, ದಿನಕ್ಕೆರಡು ಸಲ ಆ ಕಲ್ಲನ್ನು ದಾಟಿದ್ದೇನೆ. ಅದರ ನೆತ್ತಿಯಲ್ಲಿ ಲಿಂಗ, ಪೂಜೆ ಮಾಡುವವನು, ಸೂರ್ಯ, ಚಂದ್ರ, ಹಸು, ಹಸುವಿನ ಕೆಚ್ಚಲಿಗೆ ಬಾಯಿ ಹಾಕಿದ ಕರು ಇರುವುದನ್ನು ನೋಡಿರಲಿಲ್ಲ. ಎಣ್ಣೆಬಣ್ಣದ ಕೆಳಗಿನಿಂದಲೂ ಕರುವಿನ ಬಾಲ ಎದ್ದು ಕಂಡಿತು. ಸೂರ್ಯಚಂದ್ರರು ಇರುವ ತನಕ ಈ ದಾನ ನಡೆಯಲಿ ಎಂದು ಅವರನ್ನು ಕೆತ್ತುತ್ತಾರೆ ಎಂದೆ. ಮುದುಕರೊಬ್ಬರು ಚಪ್ಪಲಿ ಬಿಟ್ಟು ಹಿಂದೆ ಸರಿದು ನಿಂತರು. ಅದಾದ ಮೇಲೆ ಒಂದೇ ಒಂದು ಸೈಕಲ್ ಆ ಕಲ್ಲಿಗೆ ಒರಗಿಲ್ಲ.

ಮರುದಿನ ಬೋರ್ಡಿನ ಮೇಲೆ ಹನ್ನೆರಡು ಫೋಟೊ. ಮೊದಲು ರ ಸಿಕ್ಕಿತು, ಗ ಸಿಕ್ಕಿತು, ಆಮೇಲೆ ಸಾಲುಸಾಲಾಗಿ ಅವೇ ಕಾಣತೊಡಗಿದವು. ಈಗ ನಾವು ಬಳಸದ ಱ ಬಂದಾಗ ತರಗತಿ ಎರಡು ಪಂಗಡವಾಯಿತು, ಅದು ಅಕ್ಷರವೇ ಅಲ್ಲ ಎಂದು ಒಂದು ಪಂಗಡ. ನಾಲ್ಕು ಪೀರಿಯಡ್ ಹೋಯಿತು, ಸಿಲಬಸ್ ಅವರು ಕ್ಷಮಿಸಬೇಕು. ಕೊನೆಯ ಸಾಲುಗಳಲ್ಲಿ ಶಾಪದ ಶ್ಲೋಕ ಇದೆ. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬುದು. ಅದರ ಅರ್ಥ ಹೇಳಿದ ದಿನ ಪಾಠ ಅಲ್ಲಿಗೇ ನಿಂತಿತು, ನಗು ನಿಲ್ಲಲಿಲ್ಲ. ಊರಿನಲ್ಲಿ ಯಾರು ಯಾರ ಹೊಲದ ಬದು ಒತ್ತಿದ್ದಾರೆ ಎಂಬ ಪಟ್ಟಿಯೂ ತಯಾರಾಯಿತು. ಆ ಪಟ್ಟಿಯನ್ನು ನಾನು ವಶಪಡಿಸಿಕೊಂಡಿದ್ದೇನೆ.

ಈಗ ಗೊಂದಲಕ್ಕೆ ಬರುತ್ತೇನೆ. "ವಿಕ್ರಮವರ್ಷ" ಎಂಬುದು ಸ್ಪಷ್ಟ. ಮುಂದಿನ ಅಂಕಿ ಎಣ್ಣೆಬಣ್ಣದಲ್ಲಿ ಹೂತಿದೆ. ಆಮೇಲೆ ಸಂವತ್ಸರದ ಹೆಸರು, ಅದರಲ್ಲಿ "ಮುಖ" ಎಂದು ಕೊನೆಯ ಎರಡು ಅಕ್ಷರ ಮಾತ್ರ ಓದಲಾಗುತ್ತದೆ. ಲೆಕ್ಕದ ಟೀಚರ್ ಅವರ ಹಾಳೆಯನ್ನು ತೆರೆದೆವು. ಮುಖ ಎಂದು ಮುಗಿಯುವುದು ಶ್ರೀಮುಖ ಅಥವಾ ದುರ್ಮುಖ. ವಿಕ್ರಮಾದಿತ್ಯ ಆಳಿದ್ದು 1076ರಿಂದ 1126. ಅದರೊಳಗೆ ಶ್ರೀಮುಖ 1093ರಲ್ಲಿ ಒಮ್ಮೆ, ದುರ್ಮುಖ 1116ರಲ್ಲಿ ಒಮ್ಮೆ. ವಿಕ್ರಮವರ್ಷ 18 ಅಥವಾ 41. ತರಗತಿಯಲ್ಲಿ ಈಗ ಹದಿನೆಂಟರ ಪಕ್ಷ, ನಲವತ್ತೊಂದರ ಪಕ್ಷ ಎಂದು ಎರಡಾಗಿವೆ. ಮಧ್ಯದಲ್ಲಿ ಒಂದು ಸಾಲನ್ನು "ಗದ್ಯಾಣ" ಎಂದು ಓದಿದ್ದೇವೆ, ಚಿನ್ನದ ದಾನ ಇರಬೇಕು. ಫೋಟೊಗಳನ್ನು ಕಳಿಸಿದ್ದೇನೆ, ನೋಡಿ ಹೇಳಿ.

---

ಪಡಿಯಚ್ಚು

ನೋಡಿದೆ. ಬೆಳಕು ಚೆನ್ನಾಗಿ ಹಿಡಿದಿದ್ದೀರಿ, ಮೇಲಿನ ಮೂಲೆ ಮಾತ್ರ ಕಿವುಚಿದೆ.

"ಗದ್ಯಾಣ" ಅಲ್ಲ. ನಡುವೆ ದ್ಯ ಎಂದು ನೀವು ತಿಳಿದದ್ದು ಕಲ್ಲಿನ ಚಕ್ಕೆ ಎದ್ದ ಗುರುತು. ಅದು "ಗಾಣ". ಅದರ ಹಿಂದೆಮುಂದೆ ನೋಡಿದರೆ ನಂದಾದೀವಿಗೆಗೆ ಎಣ್ಣೆ ಬಿಟ್ಟ ಹಾಗೆ ಕಾಣುತ್ತದೆ. ಚಿನ್ನವಲ್ಲ, ದೇವರ ದೀಪಕ್ಕೆ ಗಾಣದ ಎಣ್ಣೆ.

ಇನ್ನು ನಿಮ್ಮ ಎರಡು ಪಕ್ಷಗಳ ಜಗಳ. ನನಗೂ ಇಲ್ಲಿಂದ ಹೇಳಲಾಗದು, ಆದರೆ ಹೇಗೆ ನೋಡಬೇಕು ಎಂದು ಹೇಳುತ್ತೇನೆ. ಆ ಕಾಲದ ಶಾಸನಗಳಲ್ಲಿ ಅರ್ಧ ರಕಾರದ ಮುಂದಿನ ಅಕ್ಷರವನ್ನು ಇಮ್ಮಡಿಸಿ ಬರೆಯುವುದು ವಾಡಿಕೆ. ಧರ್ಮ್ಮ, ಸರ್ವ್ವ ಎಂದು ನೋಡಿರುತ್ತೀರಿ. ಹಾಗೆಯೇ "ದುರ್ಮ್ಮುಖ". ಆದ್ದರಿಂದ ಬಣ್ಣ ಬಳಿದ ಅಕ್ಷರವನ್ನು ಬಿಡಿ, ಕಾಣುವ "ಮು"ವಿನ ಕೆಳಗೆ ನೋಡಿ. ಅಲ್ಲಿ ಮಕಾರದ ಒತ್ತು ಇದ್ದರೆ ನಲವತ್ತೊಂದು. ಕೆಳಗೆ ಬೋಳಾಗಿದ್ದರೆ ಹದಿನೆಂಟು ಎನ್ನಲು ಅಡ್ಡಿಯಿಲ್ಲ. ನಿಮ್ಮ ಫೋಟೊದಲ್ಲಿ ಬೆಳಕು ಎಡದಿಂದ ಬಂದಿದೆ, ಒತ್ತಿನ ಬಾಗು ಅದಕ್ಕೆ ಸಿಗುವುದಿಲ್ಲ. ಟಾರ್ಚನ್ನು ನೆಲಕ್ಕೆ ತಾಗಿಸಿ, ಕೆಳಗಿನಿಂದ ಮೇಲಕ್ಕೆ ಬೆಳಕು ಬಿಟ್ಟು ಇನ್ನೊಮ್ಮೆ ತೆಗೆಯಿರಿ.

---

ಬೆಳ್ವೊಲದ ಮೇಷ್ಟ್ರು

ಗಾಣ ಎಂದು ಹೇಳಿದ ತಕ್ಷಣ ಗಾಣಿಗರ ಓಣಿಯ ಹುಡುಗಿ ಎದ್ದು ನಿಂತಳು, ಕೂರಿಸುವುದೇ ಕಷ್ಟವಾಯಿತು. ಅವರ ಹಿತ್ತಲಲ್ಲಿ ಮುತ್ತಜ್ಜನ ಕಾಲದ ಗಾಣದ ಕಲ್ಲು ಇದೆಯಂತೆ, ಅದರ ಮೇಲೆ ಈಗ ಬಟ್ಟೆ ಒಗೆಯುತ್ತಾರಂತೆ.

ಇವತ್ತು ಸಂಜೆ ಏಳಕ್ಕೆ ಮತ್ತೆ ಹೋಗುತ್ತೇವೆ. ಟಾರ್ಚಿನ ಸೆಲ್ ಬದಲಿಸಬೇಕು.